ಮೂವರ ಕೆಲಸವನ್ನು ಒಬ್ಬರ ಹೆಸರಿಗೆ ಹಾಕಬೇಡಿ: ಬಹುಲೇಖಕರ ಆಕರಗಳನ್ನು ಉಲ್ಲೇಖಿಸುವ ಸಮಗ್ರ ಮಾರ್ಗದರ್ಶಿ

ಪ್ರೋಟೀನ್‌ಗಳ ರಚನೆಯ ಬಗ್ಗೆ ಒಂದು ಅಧ್ಯಾಯ ಓದಿದವರಿಗೂ ರಾಮಚಂದ್ರನ್ ನಕ್ಷೆ ಗೊತ್ತಿರುತ್ತದೆ. ಅದರ ಮೂಲ 1963ರಲ್ಲಿ 'ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ'ಯಲ್ಲಿ ಬಂದ ಐದು ಪುಟಗಳ ಲೇಖನ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ನಡೆದ ಆ ಕೆಲಸಕ್ಕೆ ಮೂವರ ಹೆಸರಿದೆ: ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ನಕ್ಷೆಗೆ ಅವರ ಹೆಸರೇ ನಿಂತಿತು. ಹಾಗಾಗಿ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ 'ರಾಮಚಂದ್ರನ್ (1963) ತೋರಿಸಿದಂತೆ' ಎಂಬ ಸಾಲು ಸಲೀಸಾಗಿ ಬಂದುಬಿಡುತ್ತದೆ. ನಕ್ಷೆಯನ್ನು ರಾಮಚಂದ್ರನ್ ನಕ್ಷೆ ಎನ್ನಲು ಅಡ್ಡಿಯಿಲ್ಲ. ಲೇಖನವನ್ನು ರಾಮಚಂದ್ರನ್ ಒಬ್ಬರದು ಎನ್ನುವ ಹಾಗಿಲ್ಲ.

ಒಬ್ಬ ಲೇಖಕರ ಪುಸ್ತಕವನ್ನು ಉಲ್ಲೇಖಿಸುವುದರಲ್ಲಿ ಯಾರೂ ಅಷ್ಟಾಗಿ ಎಡವುವುದಿಲ್ಲ. ಇಬ್ಬರಾದಾಗ 'ಮತ್ತು' ಎಲ್ಲಿ ಬರಬೇಕು, ಮೂವರಾದಾಗ ಯಾರ ಹೆಸರು ಬಿಡಬೇಕು, ಇಪ್ಪತ್ತು ಮಂದಿಯಾದಾಗ ಪಟ್ಟಿಯನ್ನು ಎಲ್ಲಿ ತುಂಡರಿಸಬೇಕು ಎಂಬಲ್ಲಿ ಗೊಂದಲ ಶುರು. ಕೆಳಗಿನ ಕ್ರಮದಲ್ಲಿ ಒಂದೊಂದಾಗಿ ಮಾಡಿಕೊಂಡು ಹೋದರೆ ಇದು ಬಿಡಿಸಲಾಗದ ಕಗ್ಗಂಟೇನಲ್ಲ. ಉದಾಹರಣೆಗಳಲ್ಲಿ 'ಮತ್ತಿತರರು' ಎಂದು ಇರುವ ಕಡೆಯೆಲ್ಲ, ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯುವವರು 'ಎಟ್ ಆಲ್.' ಎಂದು ಹಾಕಿಕೊಳ್ಳಿ. ಅದರಲ್ಲಿ ಚುಕ್ಕಿ ಬರುವುದು 'ಆಲ್' ಆದಮೇಲೆ ಮಾತ್ರ, 'ಎಟ್' ಆದಮೇಲೆ ಅಲ್ಲ.

ಮೊದಲು: ಯಾವ ಶೈಲಿ, ಅದರ ಎಷ್ಟನೇ ಆವೃತ್ತಿ?

ಶೈಲಿ ಎಂದರೆ ಆಕರಗಳನ್ನು ಉಲ್ಲೇಖಿಸುವ ನಿಯಮಗಳ ಒಂದು ಕಟ್ಟು. ಎಲ್ಲ ಶೈಲಿಗಳನ್ನೂ ಕಲಿಯಲು ಹೋಗಬೇಡಿ. ನಿಮ್ಮ ವಿಭಾಗ ಯಾವುದನ್ನು ಕೇಳುತ್ತದೋ ಅದೊಂದು ಸಾಕು. ಮನಶ್ಶಾಸ್ತ್ರ, ಶಿಕ್ಷಣ, ಸಮಾಜವಿಜ್ಞಾನದ ಕಡೆ ಹೆಚ್ಚಾಗಿ ಎಪಿಎ, ಭಾಷೆ, ಸಾಹಿತ್ಯಕ್ಕೆ ಎಂಎಲ್‌ಎ, ಇತಿಹಾಸಕ್ಕೆ ಶಿಕಾಗೋ, ವೈದ್ಯಕೀಯಕ್ಕೆ ವ್ಯಾಂಕೂವರ್, ಎಂಜಿನಿಯರಿಂಗ್‌ಗೆ ಐಇಇಇ. 'ಹಾರ್ವರ್ಡ್ ಶೈಲಿಯಲ್ಲಿ ಬರೆಯಿರಿ' ಎಂದು ಸೂಚನೆ ಬಂದರೆ ಕೂಡಲೇ 'ಯಾವ ಹಾರ್ವರ್ಡ್?' ಎಂದು ಕೇಳಿ. ಆ ಹೆಸರಿಗೆ ಒಂದೇ ಒಂದು ಅಧಿಕೃತ ಕೈಪಿಡಿ ಇಲ್ಲ, ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ರೂಪ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಓದುತ್ತಿರುವ ನಮ್ಮವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿನ ಗ್ರಂಥಾಲಯದ ಪುಟದಲ್ಲಿ ಇರುವುದೇ ನಿಮಗೆ ಶಾಸನ.

ಶೈಲಿಯಷ್ಟೇ ಮುಖ್ಯ ಆವೃತ್ತಿ. ಬಹುಲೇಖಕರ ನಿಯಮಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ. ಎಪಿಎ ಆರನೇ ಆವೃತ್ತಿಯಲ್ಲಿ ಮೂವರಿಂದ ಐವರವರೆಗೆ ಲೇಖಕರಿದ್ದರೆ ಮೊದಲ ಸಲ ಎಲ್ಲರ ಹೆಸರು, ಎರಡನೇ ಸಲದಿಂದ 'ಮತ್ತಿತರರು' ಎಂಬ ನಿಯಮವಿತ್ತು. 2019ರ ಕೊನೆಗೆ ಬಂದ ಏಳನೇ ಆವೃತ್ತಿ ಅದನ್ನು ತೆಗೆದುಹಾಕಿತು. ಶಿಕಾಗೋ 2017ರ 17ನೇ ಆವೃತ್ತಿಯಲ್ಲಿ ಬರಹದ ನಡುವೆ ಮೂವರ ಹೆಸರನ್ನೂ ಬರೆಯಬೇಕಿತ್ತು. 2024ರ 18ನೇ ಆವೃತ್ತಿಯಲ್ಲಿ ಮೂವರಾದರೇ 'ಮತ್ತಿತರರು'. ಎಂಎಲ್‌ಎಯ ಈಗಿನದು 2021ರ ಒಂಬತ್ತನೇ ಆವೃತ್ತಿ. ಸೀನಿಯರ್ ಒಬ್ಬರ ಹಳೆಯ ಮಹಾಪ್ರಬಂಧವನ್ನು ಎದುರಿಗಿಟ್ಟುಕೊಂಡು ಉಲ್ಲೇಖ ಬರೆಯುವುದು ನಮ್ಮಲ್ಲಿ ಎಲ್ಲ ಕಡೆ ಇರುವ ರೂಢಿ. ಆ ಪ್ರಬಂಧ 2015ರದ್ದಾದರೆ ಅದರಲ್ಲಿರುವುದು ಆಗಿನ ನಿಯಮ. ನೋಡಿ ಬರೆಯುವ ಮುಂಚೆ ವರ್ಷ ನೋಡಿ.

ಎರಡನೆಯದು: ಲೇಖಕರನ್ನು ಎಣಿಸುವುದು, ಕ್ರಮ ಕೆಡಿಸದಿರುವುದು

ಎಷ್ಟು ಜನ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುವುದರಿಂದ ಎಣಿಕೆ ಸರಿಯಾಗಿರಬೇಕು. ಲೇಖನವಾದರೆ ಮೊದಲ ಪುಟ, ಪುಸ್ತಕವಾದರೆ ಒಳಗಿನ ಶೀರ್ಷಿಕೆ ಪುಟ, ಇವೆರಡನ್ನೇ ನಂಬಿ. ಗೂಗಲ್ ಸ್ಕಾಲರ್ ಫಲಿತಾಂಶದಲ್ಲಿ ಹೆಸರುಗಳು ಅರ್ಧಕ್ಕೇ ಕತ್ತರಿಸಿರುತ್ತವೆ. ರಕ್ಷಾಪುಟದ ಮೇಲೆ ಮುನ್ನುಡಿ ಬರೆದವರ ಹೆಸರು ಲೇಖಕರ ಹೆಸರಿಗಿಂತ ದಪ್ಪವಾಗಿ ಅಚ್ಚಾಗಿರುವುದೂ ಉಂಟು. ಮುನ್ನುಡಿಕಾರರು ಲೇಖಕರಲ್ಲ.

ಅಲ್ಲಿ ಯಾವ ಕ್ರಮದಲ್ಲಿ ಹೆಸರುಗಳಿವೆಯೋ ಅದೇ ಕ್ರಮ ನಿಮ್ಮದೂ ಆಗಿರಬೇಕು. ಅಕಾರಾದಿಯಾಗಿ ಜೋಡಿಸುವುದು ಆಕರಗಳ ಪಟ್ಟಿಯನ್ನೇ ಹೊರತು ಒಂದು ಆಕರದೊಳಗಿನ ಲೇಖಕರನ್ನಲ್ಲ. ಹಿರಿಯ ಪ್ರಾಧ್ಯಾಪಕರ ಹೆಸರು ಮೂರನೆಯದಾಗಿದೆ ಎಂದು ಗೌರವಕ್ಕೆ ಮುಂದೆ ತರುವುದೂ ತಪ್ಪೇ. ಪ್ರಯೋಗ ವಿಜ್ಞಾನಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರು ಮೊದಲು, ತಂಡದ ಮುಖ್ಯಸ್ಥರು ಕೊನೆಗೆ. ಗಣಿತದಲ್ಲಿ ಬಹುಮಟ್ಟಿಗೆ ಹೆಸರಿನ ಅಕ್ಷರ ಕ್ರಮ. ಅಲ್ಲಿ ಮೊದಲಿಗರು ಎಂಬುದಕ್ಕೆ ವಿಶೇಷ ಅರ್ಥವಿಲ್ಲ. ಇಂದಿನ ಭಾಷಾ ಮಾದರಿಗಳಿಗೆ ಬುನಾದಿ ಹಾಕಿದ 2017ರ ಟ್ರಾನ್ಸ್‌ಫಾರ್ಮರ್ ಲೇಖನಕ್ಕೆ ಎಂಟು ಲೇಖಕರು. ಎಲ್ಲರದೂ ಸಮಪಾಲು, ಹೆಸರುಗಳ ಕ್ರಮ ಯಾದೃಚ್ಛಿಕ ಎಂದು ಅಡಿಟಿಪ್ಪಣಿಯಲ್ಲೇ ಇದೆ. ಹಾಗಿದ್ದೂ ಲೋಕವೆಲ್ಲ ಅದನ್ನು 'ವಾಸ್ವಾನಿ ಮತ್ತಿತರರು' ಎಂದೇ ಕರೆಯುತ್ತದೆ. ಅಚ್ಚಾದ ಕ್ರಮವನ್ನು ಮುಟ್ಟುವ ಅಧಿಕಾರ ಉಲ್ಲೇಖಿಸುವವರಿಗಿಲ್ಲ.

ಇನ್ನೊಂದು ತಮಾಷೆ. 1948ರ ಏಪ್ರಿಲ್ 1ರ 'ಫಿಸಿಕಲ್ ರಿವ್ಯೂ' ಸಂಚಿಕೆಯಲ್ಲಿ ಮೂಲಧಾತುಗಳ ಹುಟ್ಟಿನ ಬಗ್ಗೆ ಒಂದು ಲೇಖನ ಬಂತು. ಕೆಲಸ ಮಾಡಿದವರು ಆಲ್ಫರ್ ಮತ್ತು ಗ್ಯಾಮೋ. ಆಲ್ಫಾ, ಬೀಟಾ, ಗಾಮಾ ಎಂದು ಕೇಳಿಸಲಿ ಎಂಬ ಒಂದೇ ಕಾರಣಕ್ಕೆ ಗ್ಯಾಮೋ ತಮ್ಮ ಗೆಳೆಯ ಹಾನ್ಸ್ ಬೆಥೆಯ ಹೆಸರನ್ನು ನಡುವೆ ಸೇರಿಸಿದರು. ಬೆಥೆಗೆ ಆ ಲೇಖನದ ಕೆಲಸದಲ್ಲಿ ಪಾಲಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಆದರೂ ನೀವು ಅದನ್ನು ಉಲ್ಲೇಖಿಸುವಾಗ ಮೂವರೂ ಲೇಖಕರೇ. ಯಾರು ನಿಜವಾಗಿ ಬರೆದರು ಎಂಬ ಚರ್ಚೆ ಬೇಕಿದ್ದರೆ ಪ್ರಬಂಧದ ಒಳಗೆ ಮಾಡಿ, ಉಲ್ಲೇಖದಲ್ಲಿ ಬೇಡ.

ಬರಹದ ನಡುವೆ: ಇಬ್ಬರಿದ್ದರೆ

ಇಬ್ಬರಿದ್ದಾಗ, ಬರಹದ ನಡುವೆ ಹೆಸರು ಬರೆಯುವ ಯಾವ ಶೈಲಿಯಲ್ಲೂ ಯಾರನ್ನೂ ಬಿಡುವಂತಿಲ್ಲ. ಪ್ರತಿ ಸಲವೂ ಎರಡೂ ಹೆಸರು. ಭಾರತದ ಪರಿಸರ ಇತಿಹಾಸದ ಬಗ್ಗೆ ಬರೆಯುವವರು ತೆರೆಯದೇ ಇರಲಾರದ ಪುಸ್ತಕ ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರ 'ದಿಸ್ ಫಿಷರ್ಡ್ ಲ್ಯಾಂಡ್' (1992). ಅದನ್ನೇ ತೆಗೆದುಕೊಳ್ಳೋಣ. 24ನೇ ಪುಟದಿಂದ ಏನನ್ನೋ ಎತ್ತಿಕೊಂಡಿದ್ದೀರಿ ಎಂದಿಟ್ಟುಕೊಂಡರೆ:

ಎಪಿಎ: (ಗಾಡ್ಗೀಳ್ & ಗುಹಾ, 1992, ಪು. 24)
ಎಂಎಲ್‌ಎ: (ಗಾಡ್ಗೀಳ್ ಮತ್ತು ಗುಹಾ 24)
ಶಿಕಾಗೋ, ಲೇಖಕ–ವರ್ಷ ಪದ್ಧತಿ: (ಗಾಡ್ಗೀಳ್ ಮತ್ತು ಗುಹಾ 1992, 24)

ಎಪಿಎಯಲ್ಲಿ ಆವರಣದ ಒಳಗೆ '&' ಚಿಹ್ನೆ, ವಾಕ್ಯದ ಭಾಗವಾಗಿ ಬಂದಾಗ 'ಮತ್ತು'. ಉಳಿದೆರಡರಲ್ಲಿ ಎಲ್ಲ ಕಡೆ 'ಮತ್ತು'. ಕನ್ನಡದಲ್ಲಿ ಬರೆಯುವಾಗ ಈ ಚಿಹ್ನೆಯನ್ನು ಉಳಿಸಿಕೊಳ್ಳಬೇಕೇ? ನನ್ನ ಮಟ್ಟಿಗೆ ಬೇಡ. ಕನ್ನಡ ಅಕ್ಷರಗಳ ನಡುವೆ ಅದು ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತದೆ. ನಿಮ್ಮ ಗೈಡ್ ಬೇಕೆಂದರೆ ಹಾಕಿ, ಇಲ್ಲದಿದ್ದರೆ 'ಮತ್ತು' ಎಂದೇ ಬರೆದು ಕೊನೆತನಕ ಹಾಗೆಯೇ ಇಡಿ.

ಕನ್ನಡಕ್ಕೆ ಮಾತ್ರ ಇರುವ ಇನ್ನೊಂದು ಸಮಸ್ಯೆ ವಿಭಕ್ತಿಯದು. ಇಂಗ್ಲಿಷ್‌ನ ಕೈಪಿಡಿಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. 'ಗಾಡ್ಗೀಳ್ ಮತ್ತು ಗುಹಾ (1992)ರ ಪ್ರಕಾರ' ಎಂದು ಬರೆದರೆ ಪ್ರತ್ಯಯ ಹೆಸರಿಗೆ ಹತ್ತಿದೆಯೋ ಇಸವಿಗೆ ಹತ್ತಿದೆಯೋ ತಿಳಿಯುವುದಿಲ್ಲ. 'ಗಾಡ್ಗೀಳ್‌ರ ಮತ್ತು ಗುಹಾರ (1992) ಪ್ರಕಾರ' ಎಂದರೆ ಇಬ್ಬರೂ ಬೇರೆಬೇರೆ ಪುಸ್ತಕ ಬರೆದ ಹಾಗಾಗುತ್ತದೆ. ಚೊಕ್ಕವಾದ ದಾರಿ 'ಅವರು' ಎಂಬುದನ್ನು ನಡುವೆ ತಂದು ಪ್ರತ್ಯಯವನ್ನು ಅದಕ್ಕೆ ಹಚ್ಚುವುದು: 'ಗಾಡ್ಗೀಳ್ ಮತ್ತು ಗುಹಾ ಅವರ (1992) ಪ್ರಕಾರ', 'ಗಾಡ್ಗೀಳ್ ಮತ್ತು ಗುಹಾ ಅವರು (1992) ವಾದಿಸುವಂತೆ'. 'ಮತ್ತಿತರರು' ಬಂದಾಗ 'ಅವರು' ಬೇಕಿಲ್ಲ, ಆ ಪದಕ್ಕೇ ಪ್ರತ್ಯಯ ಹತ್ತುತ್ತದೆ: 'ರಾಮಚಂದ್ರನ್ ಮತ್ತಿತರರ (1963) ಲೇಖನದಲ್ಲಿ'.

ಕನ್ನಡ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟನ್ನು ನೀವು ಎಡೆಬಿಡದೆ ಬಳಸುತ್ತೀರಿ. ಮೊದಲ ಆವೃತ್ತಿ 1961ರದು, ಪರಿಷ್ಕೃತ ಎರಡನೆಯದು 1984ರದು, ಎರಡರಲ್ಲಿ ಪದಗಳ ಕ್ರಮಸಂಖ್ಯೆ ಬೇರೆ. (ಬರೋ ಮತ್ತು ಎಮೆನೋ, 1984) ಎಂದು ಬರೆದು 1961ರ ಸಂಖ್ಯೆ ಕೊಟ್ಟರೆ ಹುಡುಕಲು ಹೋದವರಿಗೆ ಬೇರೆ ಪದ ಸಿಗುತ್ತದೆ.

ಮೂವರು, ಅದಕ್ಕಿಂತ ಹೆಚ್ಚು

ಇಲ್ಲಿ ಈಗ ಮೂರು ದೊಡ್ಡ ಶೈಲಿಗಳೂ ಒಂದೇ ಕಡೆಗೆ ಬಂದು ನಿಂತಿವೆ. ಎಪಿಎ 7, ಎಂಎಲ್‌ಎ 9, ಶಿಕಾಗೋ 18, ಮೂರರಲ್ಲೂ ಮೂವರಾದ ಕೂಡಲೇ ಮೊದಲ ಲೇಖಕರ ಹೆಸರಾದ ಮೇಲೆ 'ಮತ್ತಿತರರು'. ಮೊದಲ ಸಲದಿಂದಲೇ.

ಎಪಿಎ: (ರಾಮಚಂದ್ರನ್ ಮತ್ತಿತರರು, 1963)
ಎಂಎಲ್‌ಎ: (ರಾಮಚಂದ್ರನ್ ಮತ್ತಿತರರು 96)
ಶಿಕಾಗೋ: (ರಾಮಚಂದ್ರನ್ ಮತ್ತಿತರರು 1963, 96)

ಶಿಕಾಗೋ 17 ಕೇಳುವ ವಿಭಾಗದಲ್ಲಿದ್ದರೆ ಮಾತ್ರ ಈ ಲೇಖನಕ್ಕೆ ಮೂವರ ಹೆಸರನ್ನೂ ಬರೆಯಬೇಕು; ಅಲ್ಲಿ 'ಮತ್ತಿತರರು' ಶುರುವಾಗುವುದು ನಾಲ್ಕು ಮಂದಿಯಿಂದ. ವ್ಯಾಂಕೂವರ್ ಮತ್ತು ಐಇಇಇಯಲ್ಲಿ ಬರಹದ ನಡುವೆ ಬರೀ ಅಂಕಿ ಬರುವುದರಿಂದ ಈ ತಲೆನೋವು ಪಟ್ಟಿಯವರೆಗೆ ಇಲ್ಲ.

ಕನ್ನಡದಲ್ಲಿ 'ಮತ್ತಿತರರು', 'ಮತ್ತು ಇತರರು', 'ಮತ್ತು ಸಂಗಡಿಗರು' ಎಲ್ಲವೂ ಚಾಲ್ತಿಯಲ್ಲಿವೆ. ಯಾವುದಾದರೂ ಒಂದನ್ನು ಹಿಡಿಯಿರಿ. 'ಮುಂತಾದವರು' ಬೇಡ, ಅದು ಒಂದೇ ಲೇಖನದ ಸಹಲೇಖಕರನ್ನಲ್ಲ, ಅದೇ ಅಭಿಪ್ರಾಯದ ಬೇರೆ ವಿದ್ವಾಂಸರನ್ನು ಸೂಚಿಸಿದ ಹಾಗೆ ಕೇಳುತ್ತದೆ.

ಇಂಗ್ಲಿಷ್‌ನಲ್ಲಿ ಬರೆಯುವಾಗ ಕ್ರಿಯಾಪದ ಬಹುವಚನದಲ್ಲೇ ಇರಬೇಕು, ಕಾಣುತ್ತಿರುವುದು ಒಂದೇ ಹೆಸರಾದರೂ. ಕನ್ನಡದಲ್ಲಿ 'ಹೇಳುತ್ತಾರೆ' ಗೌರವಕ್ಕೂ ಸಲ್ಲುತ್ತದೆ, ಬಹುವಚನಕ್ಕೂ ಸಲ್ಲುತ್ತದೆ. ಆ ಅಭ್ಯಾಸದಿಂದಲೇ ನಮ್ಮವರು ಇಂಗ್ಲಿಷ್‌ಗೆ ಹೋದಾಗ ಇಲ್ಲಿ ಜಾರುತ್ತಾರೆ.

ಒಂದೇ ಹೆಸರು, ಒಂದೇ ವರ್ಷ ಬಂದು ಎರಡು ಆಕರಗಳು ಒಂದರ ಹಾಗೆ ಇನ್ನೊಂದು ಕಂಡರೆ? ಇದು ವಿರಳ ಸಂಗತಿಯಲ್ಲ. ಒಂದು ಪ್ರಯೋಗಾಲಯ ವರ್ಷಕ್ಕೆ ನಾಲ್ಕೈದು ಲೇಖನ ಪ್ರಕಟಿಸಿದರೆ ಇದು ಆಗಿಯೇ ಆಗುತ್ತದೆ. ಉದಾಹರಣೆಗೆಂದು ಹೆಸರುಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಲೇಖನ ಪಾಟೀಲ, ಹೆಗಡೆ, ಗೌಡ, ಶೆಟ್ಟಿ, ಭಟ್ ಅವರದು. ಇನ್ನೊಂದು ಪಾಟೀಲ, ಹೆಗಡೆ, ನಾಯಕ, ಕುಲಕರ್ಣಿ, ರೈ ಅವರದು. ಎರಡೂ 2020ರವು. 'ಪಾಟೀಲ ಮತ್ತಿತರರು, 2020' ಎಂದರೆ ಯಾವುದು? ಎಪಿಎ ಪ್ರಕಾರ ವ್ಯತ್ಯಾಸ ಕಾಣುವಷ್ಟು ದೂರ ಹೆಸರುಗಳನ್ನು ಬರೆಯುತ್ತಾ ಹೋಗಬೇಕು: (ಪಾಟೀಲ, ಹೆಗಡೆ, ಗೌಡ, ಮತ್ತಿತರರು, 2020) ಮತ್ತು (ಪಾಟೀಲ, ಹೆಗಡೆ, ನಾಯಕ, ಮತ್ತಿತರರು, 2020). ಹೀಗೆ ಒಂದಕ್ಕಿಂತ ಹೆಚ್ಚು ಹೆಸರು ಬಂದಾಗ 'ಮತ್ತಿತರರು' ಎಂಬುದಕ್ಕೆ ಮೊದಲು ಅಲ್ಪವಿರಾಮ ಸೇರಿಕೊಳ್ಳುವುದನ್ನು ಗಮನಿಸಿ. ಒಂದೇ ಹೆಸರಿದ್ದಾಗ ಅದು ಇರಲಿಲ್ಲ. ಹೀಗೆ ಬರೆಯುತ್ತಾ ಹೋಗಿ ಕೊನೆಗೆ ಉಳಿದವರು ಒಬ್ಬರೇ ಆದರೆ ಅವರನ್ನು 'ಇತರರು' ಎನ್ನಲಾಗುವುದಿಲ್ಲ, ಎಲ್ಲರ ಹೆಸರನ್ನೂ ಬರೆದು ಮುಗಿಸಿ.

ಲೇಖಕರು, ಅವರ ಕ್ರಮ, ವರ್ಷ ಮೂರೂ ಒಂದೇ ಆದರೆ ವರ್ಷದ ಪಕ್ಕ ಅಕ್ಷರ: 2020ಅ, 2020ಆ. ಪಟ್ಟಿಯಲ್ಲೂ ಅದೇ ಅಕ್ಷರ ಬರಬೇಕು. ಮೊದಲ ಲೇಖಕರಿಬ್ಬರೂ ಪಾಟೀಲರೇ, ಆದರೆ ಬೇರೆಬೇರೆ ವ್ಯಕ್ತಿಗಳು ಎಂದಾದರೆ ಇನಿಷಿಯಲ್ ಸೇರಿಸಿ: (ಎಸ್. ಪಾಟೀಲ ಮತ್ತಿತರರು, 2020). ಎಂಎಲ್‌ಎಯಲ್ಲಿ ವರ್ಷವೇ ಇಲ್ಲವಾದ್ದರಿಂದ ಅಲ್ಲಿ ಕೃತಿಯ ಚಿಕ್ಕ ಶೀರ್ಷಿಕೆ ಸೇರಿಸಿ ಬೇರ್ಪಡಿಸುತ್ತಾರೆ.

ಕೊನೆಯ ಪಟ್ಟಿ: ಶೈಲಿಗಳು ದಾರಿ ಬೇರೆ ಮಾಡಿಕೊಳ್ಳುವ ಜಾಗ

ಬರಹದ ನಡುವೆ ಚಿಕ್ಕದಾಗಿ ಬರೆದಿದ್ದಕ್ಕೆ ಪೂರ್ಣರೂಪ ಸಿಗಬೇಕಾದದ್ದು ಇಲ್ಲಿ. ರಾಮಚಂದ್ರನ್ ಮತ್ತಿತರರ ಅದೇ ಲೇಖನ ಐದು ಶೈಲಿಗಳಲ್ಲಿ ಹೇಗೆ ಕಾಣುತ್ತದೆ ನೋಡಿ.

ಎಪಿಎ:
ರಾಮಚಂದ್ರನ್, ಜಿ. ಎನ್., ರಾಮಕೃಷ್ಣನ್, ಸಿ., & ಶಶಿಶೇಖರನ್, ವಿ. (1963). ಸ್ಟೀರಿಯೋಕೆಮಿಸ್ಟ್ರಿ ಆಫ್ ಪಾಲಿಪೆಪ್ಟೈಡ್ ಚೈನ್ ಕಾನ್ಫಿಗರೇಶನ್ಸ್. *ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ*, *7*, 95–99.

ಎಂಎಲ್‌ಎ:
ರಾಮಚಂದ್ರನ್, ಜಿ. ಎನ್., ಮತ್ತಿತರರು. "ಸ್ಟೀರಿಯೋಕೆಮಿಸ್ಟ್ರಿ ಆಫ್ ಪಾಲಿಪೆಪ್ಟೈಡ್ ಚೈನ್ ಕಾನ್ಫಿಗರೇಶನ್ಸ್." *ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ*, ಸಂ. 7, 1963, ಪು. 95–99.

ಶಿಕಾಗೋ, ಅಡಿಟಿಪ್ಪಣಿ ಪದ್ಧತಿಯ ಗ್ರಂಥಸೂಚಿ:
ರಾಮಚಂದ್ರನ್, ಜಿ. ಎನ್., ಸಿ. ರಾಮಕೃಷ್ಣನ್, ಮತ್ತು ವಿ. ಶಶಿಶೇಖರನ್. "ಸ್ಟೀರಿಯೋಕೆಮಿಸ್ಟ್ರಿ ಆಫ್ ಪಾಲಿಪೆಪ್ಟೈಡ್ ಚೈನ್ ಕಾನ್ಫಿಗರೇಶನ್ಸ್." *ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ* 7 (1963): 95–99.

ವ್ಯಾಂಕೂವರ್:
ರಾಮಚಂದ್ರನ್ ಜಿಎನ್, ರಾಮಕೃಷ್ಣನ್ ಸಿ, ಶಶಿಶೇಖರನ್ ವಿ. ಸ್ಟೀರಿಯೋಕೆಮಿಸ್ಟ್ರಿ ಆಫ್ ಪಾಲಿಪೆಪ್ಟೈಡ್ ಚೈನ್ ಕಾನ್ಫಿಗರೇಶನ್ಸ್. ಜೆ ಮಾಲ್ ಬಯಾಲ್. 1963;7:95–9.

ಐಇಇಇ:
[1] ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ಮತ್ತು ವಿ. ಶಶಿಶೇಖರನ್, "ಸ್ಟೀರಿಯೋಕೆಮಿಸ್ಟ್ರಿ ಆಫ್ ಪಾಲಿಪೆಪ್ಟೈಡ್ ಚೈನ್ ಕಾನ್ಫಿಗರೇಶನ್ಸ್," *ಜೆ. ಮಾಲ್. ಬಯಾಲ್.*, ಸಂ. 7, ಪು. 95–99, 1963.

ಹೆಸರುಗಳನ್ನಷ್ಟೇ ಮತ್ತೊಮ್ಮೆ ನೋಡಿ. ಎಪಿಎ ಎಲ್ಲರ ಹೆಸರನ್ನೂ ತಿರುಗಿಸುತ್ತದೆ, ಮುಖ್ಯ ಹೆಸರು ಮೊದಲು, ಇನಿಷಿಯಲ್ ಆಮೇಲೆ. ಶಿಕಾಗೋ ಮೊದಲನೆಯವರದನ್ನು ಮಾತ್ರ ತಿರುಗಿಸುತ್ತದೆ, ಎಂಎಲ್‌ಎಯಲ್ಲಿ ಇಬ್ಬರಿದ್ದಾಗಲೂ ಹಾಗೆಯೇ: 'ಗಾಡ್ಗೀಳ್, ಮಾಧವ, ಮತ್ತು ರಾಮಚಂದ್ರ ಗುಹಾ.' ಇದು ಬರೀ ಹಟವಲ್ಲ. ಪಟ್ಟಿ ಜೋಡಿಸಲು ಬೇಕಾಗುವುದು ಮೊದಲ ಲೇಖಕರ ಮುಖ್ಯ ಹೆಸರಷ್ಟೇ, ಉಳಿದವರನ್ನು ತಿರುಗಿಸಿ ಆಗಬೇಕಾದ್ದೇನೂ ಇಲ್ಲ. ಐಇಇಇಯಲ್ಲಿ ಪಟ್ಟಿ ಅಂಕಿಯ ಕ್ರಮದಲ್ಲಿರುವುದರಿಂದ ಯಾರನ್ನೂ ತಿರುಗಿಸುವುದಿಲ್ಲ. ವ್ಯಾಂಕೂವರ್ ತಿರುಗಿಸುತ್ತದೆ, ಆದರೆ ಹೆಸರಿನೊಳಗಿನ ಚುಕ್ಕಿ, ಅಲ್ಪವಿರಾಮಗಳನ್ನು ಉದುರಿಸಿಬಿಡುತ್ತದೆ. ಇಷ್ಟು ಕಾರಣ ಗೊತ್ತಿದ್ದರೆ ಬಾಯಿಪಾಠ ಮಾಡಬೇಕಾದ್ದು ಅರ್ಧಕ್ಕರ್ಧ ಕಡಿಮೆ.

ಎಷ್ಟು ಹೆಸರಿನವರೆಗೆ ಬರೆಯಬೇಕು ಎಂಬುದು ಪ್ರತಿಯೊಂದಕ್ಕೂ ಬೇರೆ. ಎಂಎಲ್‌ಎಯಲ್ಲಿ ಮೂವರಾದರೆ ಪಟ್ಟಿಯಲ್ಲೂ 'ಮತ್ತಿತರರು'. ಎಪಿಎ 7ರಲ್ಲಿ ಇಪ್ಪತ್ತು ಮಂದಿಯವರೆಗೆ ಪ್ರತಿಯೊಬ್ಬರ ಹೆಸರೂ ಬರಬೇಕು. ಇಪ್ಪತ್ತೊಂದಾದರೆ ಮೊದಲ ಹತ್ತೊಂಬತ್ತು ಹೆಸರು, ಮೂರು ಚುಕ್ಕಿ, ಕೊನೆಯವರ ಹೆಸರು; ಅಲ್ಲಿ '&' ಚಿಹ್ನೆ ಹಾಕುವುದಿಲ್ಲ. ಆರನೇ ಆವೃತ್ತಿಯಲ್ಲಿ ಇದು ಏಳಕ್ಕೇ ನಿಲ್ಲುತ್ತಿತ್ತು. ಶಿಕಾಗೋ 18ರಲ್ಲಿ ಆರು ಮಂದಿಯವರೆಗೆ ಎಲ್ಲರೂ, ಅದನ್ನು ಮೀರಿದರೆ ಮೊದಲ ಮೂವರು ಮತ್ತು 'ಮತ್ತಿತರರು'; 17ರಲ್ಲಿ ಹತ್ತರವರೆಗೆ ಎಲ್ಲರೂ, ಮೀರಿದರೆ ಮೊದಲ ಏಳು. ವ್ಯಾಂಕೂವರ್ ಬಳಸುವ ಬಹಳಷ್ಟು ಪತ್ರಿಕೆಗಳು ಆರು ಹೆಸರಾದ ಮೇಲೆ 'ಮತ್ತಿತರರು' ಹಾಕುತ್ತವೆ. ಐಇಇಇಯಲ್ಲಿ ಆರನ್ನು ಮೀರಿದರೆ ಮೊದಲನೆಯವರ ಹೆಸರು ಮಾತ್ರ.

ಬರಹದ ನಡುವೆ 'ಮತ್ತಿತರರು' ಎಂದು ಬರೆದು ರೂಢಿಯಾದವರು ಎಪಿಎ ಪಟ್ಟಿಯಲ್ಲೂ ಹಾಗೆಯೇ ಬರೆದು ಬಿಡುತ್ತಾರೆ. ನಾನು ಓದುವ ಪ್ರಬಂಧಗಳಲ್ಲಿ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ಈ ಒಂದು ಕಡೆಗೇ. ಎಪಿಎಯ ಪಟ್ಟಿಯಲ್ಲಿ ಆ ಪದಕ್ಕೆ ಜಾಗವೇ ಇಲ್ಲ.

ಮಿತಿ ಇರಲೇಬೇಕು ಎಂಬುದಕ್ಕೆ ಕಾರಣವೂ ಇದೆ. ಹಿಗ್ಸ್ ಕಣದ ತೂಕವನ್ನು ನಿಖರವಾಗಿ ಅಳೆದ 2015ರ ಲೇಖನ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳದು. ಲೇಖಕರು 5,154. 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ ಅದು 33 ಪುಟ. ವಿಷಯ, ಆಕರಸೂಚಿ ಸೇರಿ ಒಂಬತ್ತು, ಉಳಿದ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು. ಅಕಾರಾದಿಯಲ್ಲಿ ಮೊದಲು ಬರುವ ಆ್ಯಡ್ ಎಂಬ ಹೆಸರಿನಿಂದ ಅದು 'ಆ್ಯಡ್ ಮತ್ತಿತರರು, 2015' ಆಗಿದೆ.

ಸರ್‌ನೇಮ್ ಇಲ್ಲದವರ ಹೆಸರು

ಈ ಶೈಲಿಗಳನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಕುಟುಂಬದ ಹೆಸರು ಕೊನೆಗೆ ಬರುವ ಪದ್ಧತಿ. ದಕ್ಷಿಣ ಕರ್ನಾಟಕದ ಅರ್ಧ ಊರಿಗೆ ಅದು ಹೊಂದುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಹೆಸರಿನಲ್ಲಿ 'ಎಂ' ಎಂದರೆ ಮೈಸೂರು, 'ಎನ್' ಎಂದರೆ ನರಸಿಂಹಾಚಾರ್, ಅಂದರೆ ತಂದೆಯ ಹೆಸರು. ಮುಖ್ಯ ಹೆಸರು ಶ್ರೀನಿವಾಸ್. ಹಾಗಾಗಿ 'ಶ್ರೀನಿವಾಸ್, ಎಂ. ಎನ್.' ಎಂದರೆ ಸರಿ. ಇನಿಷಿಯಲ್ ಮುಂದಿದ್ದರೆ ತೊಂದರೆಯಿಲ್ಲ. ಆದರೆ ಹಲವರು ಇನಿಷಿಯಲನ್ನು ಕೊನೆಗೆ ಬರೆಯುತ್ತಾರೆ. ಆಗ ಆಕರಪಟ್ಟಿ ಜೋಡಿಸಿಕೊಡುವ ಜೊಟೆರೊ, ಮೆಂಡೆಲೆ ತರಹದ ತಂತ್ರಾಂಶ ಕೊನೆಯ ಅಕ್ಷರವನ್ನೇ ಮನೆತನದ ಹೆಸರು ಎಂದುಕೊಂಡು 'ಎನ್., ಎಸ್. ಎಂ.' ಎಂಬಂಥದ್ದನ್ನು ಮಾಡಿಡುತ್ತದೆ. ಸಹಲೇಖಕರು ನಾಲ್ವರಿದ್ದು ಅವರಲ್ಲಿ ಇಬ್ಬರದು ಹೀಗಾದರೆ ಮೊದಲ ಲೇಖಕರೇ ಬದಲಾದಂತೆ ಕಾಣುತ್ತದೆ, ಪಟ್ಟಿಯಲ್ಲಿ ಜಾಗವೂ ಬದಲಾಗುತ್ತದೆ. ತಂತ್ರಾಂಶದ ಒಳಗೆ ಹೋಗಿ ಮುಖ್ಯ ಹೆಸರನ್ನು 'ಲಾಸ್ಟ್ ನೇಮ್' ಕಿಂಡಿಗೂ ಇನಿಷಿಯಲನ್ನು 'ಫಸ್ಟ್ ನೇಮ್' ಕಿಂಡಿಗೂ ನೀವೇ ಹಾಕಿ.

'ಕುವೆಂಪು' ತರಹದ ಕಾವ್ಯನಾಮಗಳನ್ನು ತಿರುಗಿಸಲು ಬರುವುದಿಲ್ಲ. ಜೊಟೆರೊದಲ್ಲಿ ಹೆಸರಿನ ಪಕ್ಕದ ಪುಟ್ಟ ಗುಂಡಿ ಒತ್ತಿದರೆ ಎರಡು ಕಿಂಡಿಗಳು ಒಂದಾಗುತ್ತವೆ, ಅಲ್ಲಿ ಬರೆಯಿರಿ. ಸಂಸ್ಥೆಗಳ ಹೆಸರಿಗೂ ಅದೇ. ಚೀನಾ, ಕೊರಿಯಾದ ಲೇಖಕರಲ್ಲಿ ಕುಟುಂಬದ ಹೆಸರು ಮೊದಲೇ ಬರುವುದು ವಾಡಿಕೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಕೆಲವರು ಅದನ್ನು ತಿರುಗಿಸಿಕೊಂಡಿರುತ್ತಾರೆ, ಕೆಲವರು ಇಲ್ಲ. ಪತ್ರಿಕೆಯ ಜಾಲಪುಟದಲ್ಲೇ ಉಲ್ಲೇಖರೂಪ ಕೊಟ್ಟಿದ್ದರೆ ಅದನ್ನು ನೋಡಿ.

ಕನ್ನಡ ಗ್ರಂಥಸೂಚಿಗಳಲ್ಲಿ 'ಕಲಬುರ್ಗಿ ಎಂ. ಎಂ.', 'ಚಿದಾನಂದಮೂರ್ತಿ ಎಂ.' ಎಂದು ಅಲ್ಪವಿರಾಮವಿಲ್ಲದೆ ಬರೆಯುವ ರೂಢಿ ಗಟ್ಟಿಯಾಗಿದೆ. ಒಬ್ಬರೇ ಲೇಖಕರಿದ್ದರೆ ಚೆನ್ನಾಗಿಯೇ ಕಾಣುತ್ತದೆ. ಮೂವರಾದಾಗ ಯಾವ ಇನಿಷಿಯಲ್ ಯಾರದು ಎಂದು ತಡಕಾಡಬೇಕಾಗುವುದರಿಂದ ಅಲ್ಲಿ ಅಲ್ಪವಿರಾಮ ಹಾಕಿ, ಇಲ್ಲವೇ ಎರಡನೆಯವರಿಂದ ಹೆಸರನ್ನು ನೇರವಾಗಿ ಬರೆಯಿರಿ.

ಲೇಖಕರು ಯಾರೆಂಬುದೇ ಪ್ರಶ್ನೆಯಾದಾಗ

ಮಲೆನಾಡಿನ ಬಗ್ಗೆ ಬರೆಯುವ ಪ್ರತಿಯೊಬ್ಬರೂ 'ಗಾಡ್ಗೀಳ್ (2011)' ಎಂದು ಬರೆಯುತ್ತಾರೆ. ಆ ವರದಿ ಗಾಡ್ಗೀಳ್ ಒಬ್ಬರದಲ್ಲ. ಅವರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿ ಅದು. 2013ರಲ್ಲಿ ಬಂದ 'ಕಸ್ತೂರಿರಂಗನ್ ವರದಿ'ಯೂ ಹಾಗೆಯೇ, ಅದು ಕಸ್ತೂರಿರಂಗನ್ ಅಧ್ಯಕ್ಷತೆಯ ಉನ್ನತ ಮಟ್ಟದ ಕಾರ್ಯಪಡೆಯದು. ಹೀಗಿರುವಾಗ ಲೇಖಕಸ್ಥಾನ ಸಮಿತಿಗೆ: (ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ, 2011). 'ಗಾಡ್ಗೀಳ್ ವರದಿ ಎಂದೇ ಹೆಸರಾದ' ಎಂದು ವಾಕ್ಯದಲ್ಲಿ ಒಮ್ಮೆ ಹೇಳಿದರೆ ಓದುಗರಿಗೂ ಗುರುತು ಸಿಗುತ್ತದೆ. ಸಮಿತಿಯ ಸದಸ್ಯರನ್ನೆಲ್ಲ ಸಹಲೇಖಕರೆಂದು ಎಣಿಸಿ 'ಗಾಡ್ಗೀಳ್ ಮತ್ತಿತರರು' ಎಂದು ಮಾಡಿದವರನ್ನೂ ನೋಡಿದ್ದೇನೆ. ವರದಿಯ ಶೀರ್ಷಿಕೆ ಪುಟ ಏನು ಹೇಳುತ್ತದೋ ಅದೇ ಕೊನೆ.

ಸಂಪಾದಿತ ಗ್ರಂಥಗಳಲ್ಲಿ ಎಡವಟ್ಟು ಇನ್ನೊಂದು ಬಗೆಯದು. ಅಭಿನಂದನ ಗ್ರಂಥ, ಸ್ಮರಣ ಸಂಪುಟ, ವಿಚಾರ ಸಂಕಿರಣದ ಸಂಪುಟಗಳು ನಮ್ಮಲ್ಲಿ ಹೇರಳ. ನೀವು ಓದಿದ್ದು ಅದರೊಳಗಿನ ಒಂದು ಲೇಖನವಾದರೆ ಬರಹದ ನಡುವೆ ಬರಬೇಕಾದದ್ದು ಆ ಲೇಖನ ಬರೆದವರ ಹೆಸರು, ಸಂಪಾದಕರದ್ದಲ್ಲ. ಪಟ್ಟಿಯಲ್ಲಿ ಲೇಖನಕಾರರು ಮೊದಲು, ಆಮೇಲೆ ಲೇಖನದ ಶೀರ್ಷಿಕೆ, ಆಮೇಲೆ ಸಂಪಾದಕರು, ಗ್ರಂಥ, ಪುಟಗಳು. ಸಂಪಾದಕರ ಹೆಸರಿನ ಪಕ್ಕ '(ಸಂ.)' ಇರಲಿ. ಸಂಪಾದಕ ಮಂಡಳಿಯಲ್ಲಿ ಹನ್ನೆರಡು ಮಂದಿಯಿದ್ದು ಒಬ್ಬರು ಪ್ರಧಾನ ಸಂಪಾದಕರಾಗಿದ್ದರೆ ಪ್ರಧಾನ ಸಂಪಾದಕರನ್ನು ಹೆಸರಿಸಿದರೆ ಸಾಕಾಗುವುದೇ ಹೆಚ್ಚು. ಸಂಪಾದಕರಿಗೂ 'ಸಂ.', ಸಂಪುಟಕ್ಕೂ 'ಸಂ.' ಎಂದು ಒಂದೇ ಸಂಕ್ಷೇಪ ಬಂದರೆ ಗೊಂದಲ, ಹಾಗಾಗುವ ಕಡೆ ಒಂದನ್ನು ಬಿಡಿಸಿ ಬರೆಯಿರಿ.

ಅನುವಾದಕರು ಸಹಲೇಖಕರಲ್ಲ. ಅವರ ಹೆಸರು '(ಅನು.)' ಎಂದು ಶೀರ್ಷಿಕೆಯ ನಂತರ ಬರುತ್ತದೆ.

ಅಡಿಟಿಪ್ಪಣಿ ಪದ್ಧತಿಯಲ್ಲಿ ಬರೆಯುವ ಕನ್ನಡ ಪ್ರಬಂಧಗಳಲ್ಲಿ ಎರಡನೇ ಸಲ 'ಅದೇ, ಪು. 45' ಎನ್ನುವುದು ಹಳೆಯ ರೂಢಿ. ನಡುವೆ ಹೊಸ ಟಿಪ್ಪಣಿಯೊಂದನ್ನು ಸೇರಿಸಿದ ಕೂಡಲೇ 'ಅದೇ' ಬೇರೆ ಯಾವುದಕ್ಕೋ ಅಂಟಿಕೊಳ್ಳುತ್ತದೆ. 'ಗಾಡ್ಗೀಳ್ ಮತ್ತು ಗುಹಾ, ದಿಸ್ ಫಿಷರ್ಡ್ ಲ್ಯಾಂಡ್, 45' ಎಂದು ಚಿಕ್ಕದಾಗಿ ಬರೆಯುವುದೇ ವಾಸಿ. ಶಿಕಾಗೋ ಕೂಡ 17ನೇ ಆವೃತ್ತಿಯಿಂದ ಹೀಗೆ ಬರೆಯುವುದನ್ನೇ ಮೆಚ್ಚುತ್ತದೆ.

ಒಪ್ಪಿಸುವ ಮುಂಚಿನ ಪರಿಶೀಲನೆ

ಪಟ್ಟಿಯನ್ನು ಪ್ರಿಂಟ್ ತೆಗೆದು ಕೈಯಲ್ಲಿ ಪೆನ್ಸಿಲ್ ಹಿಡಿಯಿರಿ. ಪ್ರಬಂಧವನ್ನು ಮೊದಲಿಂದ ಓದುತ್ತಾ ಆವರಣ ಬಂದಾಗಲೆಲ್ಲ ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕಿ. ಕೊನೆಗೆ ಗುರುತಿಲ್ಲದೆ ಉಳಿದದ್ದು ನೀವು ಬಳಸದ ಆಕರ, ತೆಗೆಯಿರಿ. ಆವರಣವಿದ್ದು ಪಟ್ಟಿಯಲ್ಲಿ ಸಿಗದಿದ್ದರೆ ಸೇರಿಸಿ. ಈ ಓದಿನಲ್ಲಿ ಮೊದಲ ಲೇಖಕರ ಹೆಸರಿನ ಕಾಗುಣಿತ, ವರ್ಷ ಎರಡೂ ಕಡೆ ಒಂದೇ ಆಗಿವೆಯೇ ಎಂದು ನೋಡಿ. 'ಶಶಿಶೇಖರನ್' ಒಂದು ಕಡೆ, 'ಸಸಿಶೇಖರನ್' ಇನ್ನೊಂದು ಕಡೆ ಬರುವುದು ಲಿಪ್ಯಂತರ ಮಾಡುವ ನಮಗೆ ಸಹಜ. ಒಂದು ರೂಪವನ್ನು ಹಿಡಿದುಕೊಳ್ಳಿ.

ಒಬ್ಬರೇ ಬರೆದದ್ದೂ, ಅವರೇ ಮೊದಲಿಗರಾಗಿ ಇತರರೊಂದಿಗೆ ಬರೆದದ್ದೂ ಇದ್ದರೆ ಒಬ್ಬರದ್ದು ಮೊದಲು ಬರುತ್ತದೆ, ವರ್ಷ ಹಿಂದಾಗಲಿ ಮುಂದಾಗಲಿ. ಕನ್ನಡ ಆಕರಗಳ ಪಟ್ಟಿ ಬೇರೆ, ಇಂಗ್ಲಿಷ್ ಆಕರಗಳ ಪಟ್ಟಿ ಬೇರೆ ಮಾಡುವುದು ನಮ್ಮ ವಿಶ್ವವಿದ್ಯಾಲಯಗಳ ವಾಡಿಕೆ. ಹಾಗೆ ಮಾಡಿದರೆ ಅ-ಆ ಕ್ರಮ, ಎ-ಬಿ-ಸಿ ಕ್ರಮ ಒಂದರೊಳಗೊಂದು ಸೇರಿಕೊಳ್ಳುವ ಪೇಚು ತಪ್ಪುತ್ತದೆ.

ಗೂಗಲ್ ಸ್ಕಾಲರ್‌ನ ಉಲ್ಲೇಖದ ಗುಂಡಿ ಒತ್ತಿ ನಕಲು ಮಾಡಿಕೊಂಡಿದ್ದರೆ ಪ್ರತಿಯೊಂದನ್ನೂ ಲೇಖನದ ಮೊದಲ ಪುಟದೊಂದಿಗೆ ತಾಳೆ ನೋಡಿ. ಎಐ ಚಾಟ್‌ಬಾಟ್ ಕೊಟ್ಟ ಆಕರವಾದರೆ ಅನುಮಾನ ಇನ್ನೂ ಹೆಚ್ಚಿರಲಿ. ಅವು ನಿಜವಾದ ಸಂಶೋಧಕರ ಹೆಸರುಗಳನ್ನು ಜೋಡಿಸಿ, ಅವರು ಎಂದೂ ಬರೆಯದ ಲೇಖನವನ್ನು ಅವರ ಹೆಸರಿಗೆ ಕಟ್ಟಿಬಿಡುತ್ತವೆ. ಲೇಖನದ ಕಾಯಂ ಗುರುತಾದ ಡಿಓಐ ಸಂಖ್ಯೆಯನ್ನು ಬ್ರೌಸರ್‌ನಲ್ಲಿ ಹಾಕಿ, ತೆರೆದ ಪುಟದಲ್ಲಿ ಅದೇ ಶೀರ್ಷಿಕೆ, ಅದೇ ಲೇಖಕರು ಇದ್ದಾರೆಯೇ ನೋಡಿ. ಕೃತಿಚೌರ್ಯದ ತಂತ್ರಾಂಶ ಇದನ್ನು ಹಿಡಿಯುತ್ತದೆ ಎಂದು ನೆಚ್ಚಬೇಡಿ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ, ಆದರೆ ಆ ಲೆಕ್ಕಕ್ಕೆ ಆಕರಸೂಚಿಯನ್ನು ಸೇರಿಸುವುದೇ ಇಲ್ಲ. ಅಂದರೆ ಪಟ್ಟಿಯಲ್ಲಿ ಒಬ್ಬ ಸಹಲೇಖಕಿಯ ಹೆಸರು ಬಿಟ್ಟುಹೋಗಿದ್ದರೂ ವರದಿ ಹಸಿರಾಗಿಯೇ ಬರುತ್ತದೆ.

ಜೊಟೆರೊ ಬಳಸಿ ಕನ್ನಡದಲ್ಲಿ ಬರೆಯುವವರು 'ಎಟ್ ಆಲ್.' ಎಂಬುದನ್ನು 'ಮತ್ತಿತರರು' ಎಂದು ಕೈಯಾರೆ ಬದಲಿಸುವುದಾದರೆ ಅದನ್ನು ಕಟ್ಟಕಡೆಯ ಕೆಲಸವಾಗಿ ಇಟ್ಟುಕೊಳ್ಳಿ. ಮೊದಲು ಕಡತದ ಒಂದು ಪ್ರತಿ ತೆಗೆದಿಡಿ, ಆ ಪ್ರತಿಯಲ್ಲಿ ತಂತ್ರಾಂಶದ ಕೊಂಡಿ ಕಳಚಿ, ಆಮೇಲೆ ಬದಲಿಸಿ. ಕೊಂಡಿ ಇರುವಾಗಲೇ ಬದಲಿಸಿದರೆ ಮುಂದಿನ ರಿಫ್ರೆಶ್‌ಗೆ ಎಲ್ಲವೂ ಮೊದಲಿದ್ದ ಹಾಗೇ ಆಗುತ್ತದೆ.